ಡಾರ್ಸೆಟ್ ದ್ವೀಪದ ಅಚ್ಚುಚಿತ್ರಗಳು ಮತ್ತು ಕರ್ತೃತ್ವದ ಪ್ರಶ್ನೆ

ಅಚ್ಚುಚಿತ್ರಕಾರನ ಮನೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಂದು ಕೋಣೆ, ಅದರ ಕಿಟಕಿಯ ಬಳಿ ಒಂದು ಮೇಜು, ಮೇಜಿನ ಮೇಲೆ ಮರದ ಹಲಗೆ, ಉಳಿ ಮತ್ತು ಮಸಿ. ಅಲ್ಲಿ ಒಬ್ಬನೇ ರೇಖೆಯನ್ನು ಬರೆಯುತ್ತಾನೆ; ಅವನೇ ಹಲಗೆಯನ್ನು ಕೊರೆಯುತ್ತಾನೆ; ಅವನೇ ಕಾಗದದ ಮೇಲೆ ಅಚ್ಚನ್ನು ಇಳಿಸಿ, ಅಂಚಿನಲ್ಲಿ ತನ್ನ ಹೆಸರನ್ನು ಹಾಕುತ್ತಾನೆ. ಕಲೆಯ ಚರಿತ್ರೆಯನ್ನು ಬರೆಯುವವರು ಈ ಕಲ್ಪನೆಯನ್ನು ಬಹುಕಾಲ ಪ್ರಶ್ನಿಸದೆಯೇ ಅಂಗೀಕರಿಸಿದ್ದಾರೆ. ಆದರೆ ಕೆನಡಾ ದೇಶದ ಉತ್ತರ ಭಾಗದಲ್ಲಿ, ಹಡ್ಸನ್ ಜಲಸಂಧಿಯ ಅಂಚಿನಲ್ಲಿರುವ ಡಾರ್ಸೆಟ್ ಎಂಬ ಸಣ್ಣ ದ್ವೀಪದಲ್ಲಿ ಇನ್ಯುಯಿಟ್ ಜನರು ೧೯೫೭ರಿಂದ ನಿರ್ಮಿಸುತ್ತ ಬಂದಿರುವ ಅಚ್ಚುಚಿತ್ರಗಳನ್ನು ಪರಿಶೀಲಿಸತೊಡಗಿದರೆ ಈ ಕಲ್ಪನೆ ನಿಲ್ಲುವುದಿಲ್ಲ. ಅಲ್ಲಿ ರೇಖೆ ಹುಟ್ಟುವುದು ಮನೆಯಲ್ಲಿ. ಅಚ್ಚು ಹುಟ್ಟುವುದು ಕಾರ್ಯಶಾಲೆಯಲ್ಲಿ. ಬರೆದವರ ಕೈ ಒಂದು, ಕೊರೆದವರ ಕೈ ಇನ್ನೊಂದು. ಹಾಗಾದರೆ ಚಿತ್ರ ಯಾರದು? ಈ ಪ್ರಶ್ನೆಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಸ್ಥಳದ ಪರಿಚಯ ಅವಶ್ಯಕ. ಬ್ಯಾಫಿನ್ ಎಂಬ ಮಹಾದ್ವೀಪದ ನೈಋತ್ಯ ಮೂಲೆಯಲ್ಲಿ ಫಾಕ್ಸ್ ಪರ್ಯಾಯದ್ವೀಪವು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಸಮೀಪದಲ್ಲಿಯೇ ಡಾರ್ಸೆಟ್ ದ್ವೀಪವಿದೆ. ಅಲ್ಲಿ ಮರವೆಂಬುದಿಲ್ಲ. ಬೋಳು ಬಂಡೆಗಳ ಗುಡ್ಡಗಳು, ಅವುಗಳ ಬಿರುಕುಗಳಲ್ಲಿ ಬೇಸಗೆಯವರೆಗೂ ಉಳಿದಿರುವ ಹಿಮ, ದಿನಕ್ಕೆರಡು ಬಾರಿ ಬಹು ಎತ್ತರಕ್ಕೆ ಏರಿ ಇಳಿಯುವ ಕಡಲು, ಇವೇ ಅಲ್ಲಿನ ದೃಶ್ಯ. ನೀರು ಇಳಿದ ಹೊತ್ತಿನಲ್ಲಿ ಪಕ್ಕದ ಮಲ್ಲಿಕ್ಜುಆಕ್ ದ್ವೀಪಕ್ಕೆ ನಡೆದೇ ಹೋಗಬಹುದು. ಅಲ್ಲಿ ಇನ್ಯುಯಿಟರ ಪೂರ್ವಜರಾದ ಥೂಲೆ ಜನರ ಕಲ್ಲುಮನೆಗಳ ಅವಶೇಷಗಳಿವೆ. ಊರಿನ ಸ್ವಂತ ಹೆಸರು ಕಿಂಗೈಟ್. ಬೆಟ್ಟಗಳೆಂಬುದು ಅದರ ಅರ್ಥ. ೧೬೩೧ರಲ್ಲಿ ಲ್ಯೂಕ್ ಫಾಕ್ಸ್ ಎಂಬ ಆಂಗ್ಲ ನಾವಿಕನು ತನ್ನ ಪೋಷಕನಾದ ಡಾರ್ಸೆಟ್ ಅರ್ಲನ ಗೌರವಾರ್ಥವಾಗಿ ಈ ಭೂಶಿರಕ್ಕೆ ಕೇಪ್ ಡಾರ್ಸೆಟ್ ಎಂದು ಹೆಸರಿಟ್ಟನು. ೧೯೨೫ರಲ್ಲಿ ಡೈಮಂಡ್ ಜೆನ್ನೆಸ್ ಎಂಬ ಮಾನವಶಾಸ್ತ್ರಜ್ಞನು ಇಲ್ಲಿ ದೊರೆತ ಪುರಾತನ ವಸ್ತುಗಳ ಆಧಾರದಿಂದ, ಥೂಲೆ ಜನರಿಗಿಂತ ಹಿಂದೆ ಇಲ್ಲಿದ್ದ ಜನರ ಸಂಸ್ಕೃತಿಗೆ ಡಾರ್ಸೆಟ್ ಸಂಸ್ಕೃತಿಯೆಂದು ಹೆಸರು ಕೊಟ್ಟನು. ಹೀಗೆ ಎಂದೂ ಇಲ್ಲಿಗೆ ಬರದ ಒಬ್ಬ ಆಂಗ್ಲ ಪ್ರಭುವಿನ ಹೆಸರು ಭೂಪಟಕ್ಕೂ ಪ್ರಾಕ್ತನಶಾಸ್ತ್ರಕ್ಕೂ ಅಂಟಿಕೊಂಡಿತು. ಊರು ತನ್ನ ಮೊದಲಿನ ಹೆಸರನ್ನು ಅಧಿಕೃತವಾಗಿ ಮರಳಿ ಪಡೆದುದು ೨೦೨೦ರಲ್ಲಿ. ಇಂದು ಅಲ್ಲಿರುವ ಜನ ಸುಮಾರು ೧,೪೦೦.

ಈ ಜನರು ೧೯೫೦ರ ದಶಕದವರೆಗೂ ಒಂದೇ ಊರಿನಲ್ಲಿ ನೆಲೆಸಿದವರಲ್ಲ. ಕಡಲತೀರದುದ್ದಕ್ಕೂ ಹರಡಿದ್ದ ಸಣ್ಣ ಬೀಡುಗಳಲ್ಲಿ, ಬೇಸಗೆಯಲ್ಲಿ ಚರ್ಮದ ಗುಡಾರದಲ್ಲಿಯೂ ಚಳಿಗಾಲದಲ್ಲಿ ಹಿಮದ ಮನೆಯಲ್ಲಿಯೂ ಬಾಳುತ್ತಿದ್ದರು. ಸೀಲ್, ವಾಲ್ರಸ್ ಮತ್ತು ಕ್ಯಾರಿಬೂ ಎಂಬ ಹಿಮಸಾರಂಗ ಅವರ ಆಹಾರ. ೧೯೧೩ರಲ್ಲಿ ಹಡ್ಸನ್ಸ್ ಬೇ ಕಂಪೆನಿ ಇಲ್ಲಿ ಮಳಿಗೆಯನ್ನು ತೆರೆದ ಮೇಲೆ ಬಿಳಿನರಿಯ ತುಪ್ಪುಳುಚರ್ಮವನ್ನು ಕೊಟ್ಟು ಬಂದೂಕು, ಚಹಾ, ಹಿಟ್ಟು, ಬಟ್ಟೆಗಳನ್ನು ಪಡೆಯುವ ಪದ್ಧತಿ ಬೇರೂರಿತು. ಬೇಟೆಗಾರನ ಬಾಳು ಹೀಗೆ ದೂರದ ನಗರಗಳ ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕಿತು. ಎರಡನೆಯ ಮಹಾಯುದ್ಧದ ಅನಂತರ ತುಪ್ಪುಳುಚರ್ಮದ ಬೆಲೆ ಬಿದ್ದುಹೋದಾಗ ಬೀಡುಗಳಲ್ಲಿ ಅಭಾವ ತಲೆದೋರಿತು. ಅಚ್ಚುಚಿತ್ರದ ಕಲೆ ಇಲ್ಲಿಗೆ ಬಂದುದು ವಿನೋದಕ್ಕಾಗಿ ಅಲ್ಲ, ಹೊಟ್ಟೆಯ ಪಾಡಿಗಾಗಿ. ಇದನ್ನು ಮರೆತು ಈ ಚಿತ್ರಗಳ ವಿಚಾರ ಮಾಡುವುದು ಸಲ್ಲದು.

ಇಷ್ಟಾದರೂ ಕಲೆಯು ಬರಿದಾದ ನೆಲದಲ್ಲಿ ಹುಟ್ಟಿತೆಂದು ತಿಳಿಯಬಾರದು. ಗಂಡಸರು ವಾಲ್ರಸ್ಸಿನ ಕೋರೆಯ ಮೇಲೆ ರೇಖೆಗಳನ್ನು ಕೊರೆಯುತ್ತಿದ್ದರು. ಬಳಪದ ಕಲ್ಲಿನಲ್ಲಿ ಪ್ರಾಣಿಗಳನ್ನು ಕಡೆಯುತ್ತಿದ್ದರು. ಹೆಂಗಸರು ಉಲು ಎಂಬ ಅರ್ಧಚಂದ್ರಾಕಾರದ ಕತ್ತಿಯಿಂದ ಸೀಲ್ ಚರ್ಮವನ್ನು ಕತ್ತರಿಸಿ, ಕಪ್ಪು ಚರ್ಮದೊಳಗೆ ಬಿಳಿಯದನ್ನೂ ಬಿಳಿಯದರೊಳಗೆ ಕಪ್ಪನ್ನೂ ಕೂರಿಸಿ ಉಡುಪುಗಳನ್ನೂ ಚೀಲಗಳನ್ನೂ ಹೊಲಿಯುತ್ತಿದ್ದರು. ಒಂದು ಆಕೃತಿಯನ್ನು ಅದರ ಹೊರ ಅಂಚಿನಿಂದಲೇ ಗ್ರಹಿಸುವ, ಒಳಗಿನ ವಿವರವನ್ನು ಬಿಟ್ಟು ಗಾತ್ರವನ್ನು ಮಾತ್ರ ಹಿಡಿಯುವ ಅಭ್ಯಾಸವು ಈ ಹೊಲಿಗೆಯಲ್ಲಿಯೇ ಬೆಳೆದಿತ್ತು. ಮುಂದೆ ಅಚ್ಚುಚಿತ್ರಕ್ಕೆ ಬೇಕಾದ ದೃಷ್ಟಿಯೂ ಇದೇ.

೧೯೫೬ರಲ್ಲಿ ಕೆನಡಾ ಸರ್ಕಾರದ ಆಡಳಿತಾಧಿಕಾರಿಯಾಗಿ ಇಲ್ಲಿ ನೆಲೆಸಿದ ಜೇಮ್ಸ್ ಹ್ಯೂಸ್ಟನ್ ಸ್ವತಃ ಚಿತ್ರಕಾರ. ಅಚ್ಚುಚಿತ್ರದ ಆರಂಭವನ್ನು ಕುರಿತು ಆತನು ಹೇಳಿರುವ ಕಥೆ ಪ್ರಸಿದ್ಧವಾಗಿದೆ. ಒಸುಯಿಟೋಕ್ ಇಪೀಲೀ ಎಂಬ ನುರಿತ ಶಿಲ್ಪಿಯು ೧೯೫೭ರ ಚಳಿಗಾಲದಲ್ಲಿ ಒಂದು ದಿನ ಎರಡು ಸಿಗರೇಟು ಪೊಟ್ಟಣಗಳನ್ನು ನೋಡುತ್ತ, ಅವುಗಳ ಮೇಲಿದ್ದ ನಾವಿಕನ ಮುಖವನ್ನು ಪ್ರತಿ ಪೊಟ್ಟಣದ ಮೇಲೂ ಒಂದೇ ರೀತಿಯಾಗಿ ಬರೆಯುವುದು ಎಷ್ಟು ಬೇಸರದ ಕೆಲಸವಿರಬೇಕೆಂದು ಆಶ್ಚರ್ಯಪಟ್ಟನಂತೆ. ಹ್ಯೂಸ್ಟನ್ ಆಗ ಒಸುಯಿಟೋಕನೇ ಕೊರೆದಿದ್ದ ಒಂದು ಕೋರೆಯ ಮೇಲೆ ಮಸಿಯನ್ನು ಬಳಿದು, ತೆಳುಕಾಗದವನ್ನು ಒತ್ತಿ ತೆಗೆದು ತೋರಿಸಿದನು. ಅಚ್ಚು ಎಂದರೇನೆಂಬುದು ಶಿಲ್ಪಿಗೆ ಆ ಕ್ಷಣದಲ್ಲಿಯೇ ಅರ್ಥವಾಯಿತು. ಈ ಕಥೆ ಹ್ಯೂಸ್ಟನ್ನನದೇ ನಿರೂಪಣೆಯೆಂಬುದನ್ನು ನಾವು ನೆನಪಿನಲ್ಲಿಡಬೇಕು. ಆದಾಗ್ಯೂ ಅದರಲ್ಲಿ ಒಂದು ಅಂಶ ಗಮನಾರ್ಹ: ಮೊದಲ ಅಚ್ಚು ಇಳಿದುದು ಹೊರಗಿನಿಂದ ತಂದ ಹಲಗೆಯಿಂದಲ್ಲ, ಇನ್ಯುಯಿಟ್ ಶಿಲ್ಪಿಯು ಮೊದಲೇ ಕೊರೆದಿದ್ದ ವಸ್ತುವಿನಿಂದ.

ಮುಂದಿನ ಹೆಜ್ಜೆ ಇನ್ನೂ ವಿಚಾರಾರ್ಹವಾದುದು. ೧೯೫೮ರ ಕೊನೆಯಲ್ಲಿ ಹ್ಯೂಸ್ಟನ್ ಜಪಾನಿಗೆ ಹೋಗಿ, ಉನ್‌ಇಚಿ ಹಿರಾತ್ಸುಕಾ ಎಂಬ ಮರದಚ್ಚಿನ ಆಚಾರ್ಯನ ಬಳಿ ಕೆಲವು ತಿಂಗಳು ಅಭ್ಯಾಸ ಮಾಡಿದನು. ಜಪಾನಿನಲ್ಲಿ ಅಚ್ಚುಚಿತ್ರಕ್ಕೆ ಆಗ ಎರಡು ಮಾರ್ಗಗಳಿದ್ದವು. ಹಳೆಯದಾದ ಉಕಿಯೋ-ಎ ಮಾರ್ಗದಲ್ಲಿ ಬರೆಯುವವನು ಒಬ್ಬ, ಕೊರೆಯುವವನು ಇನ್ನೊಬ್ಬ, ಅಚ್ಚೊತ್ತುವವನು ಮತ್ತೊಬ್ಬ; ಇವರೆಲ್ಲರನ್ನೂ ಕೂಡಿಸಿ ಹಣ ಹೂಡುವವನು ಪ್ರಕಾಶಕ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹುಟ್ಟಿದ ಸೊಸಾಕು-ಹಂಗಾ ಮಾರ್ಗವು ಈ ಶ್ರಮವಿಭಾಗವನ್ನು ತಿರಸ್ಕರಿಸಿ, ಕಲಾವಿದನು ತಾನೇ ಬರೆದು ತಾನೇ ಕೊರೆದು ತಾನೇ ಅಚ್ಚೊತ್ತಬೇಕೆಂದು ಸಾರಿತು. ಹಿರಾತ್ಸುಕಾ ಈ ಎರಡನೆಯ ಮಾರ್ಗದ ಧುರೀಣರಲ್ಲೊಬ್ಬ. ಆದರೆ ಹ್ಯೂಸ್ಟನ್ ಆತನಿಂದ ಕುಶಲತೆಯನ್ನು ಕಲಿತು ಬಂದು ಡಾರ್ಸೆಟ್ ದ್ವೀಪದಲ್ಲಿ ನೆಲೆಗೊಳಿಸಿದುದು ಮೊದಲನೆಯ ಮಾರ್ಗವನ್ನು. ಗುರುವು ಯಾವುದನ್ನು ಬಿಟ್ಟಿದ್ದನೋ ಅದನ್ನೇ ಶಿಷ್ಯನು ಎತ್ತಿಕೊಂಡನು.

ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ರೇಖೆ ಬರೆಯಬಲ್ಲವರಲ್ಲಿ ಅನೇಕರು ದೂರದ ಬೀಡುಗಳಲ್ಲಿದ್ದರು. ಅವರು ತಮ್ಮ ಬೇಟೆಯನ್ನೂ ಮಕ್ಕಳನ್ನೂ ಬಿಟ್ಟು ಕಾರ್ಯಶಾಲೆಗೆ ಬಂದು ಕುಳಿತುಕೊಳ್ಳುವಂತಿರಲಿಲ್ಲ. ಕಾಗದ ಮತ್ತು ಪೆನ್ಸಿಲನ್ನಾದರೋ ನಾಯಿಬಂಡಿಯಲ್ಲಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಕಲ್ಲಿನ ಹಲಗೆಯನ್ನು ಒಯ್ಯುವುದು ಸಾಧ್ಯವಿಲ್ಲ. ಆದ್ದರಿಂದ ಕಾಗದ ಮನೆಗೆ ಹೋಯಿತು, ಕಲ್ಲು ಊರಿನಲ್ಲಿ ಉಳಿಯಿತು. ೧೯೫೯ರಲ್ಲಿ ವೆಸ್ಟ್ ಬ್ಯಾಫಿನ್ ಸಹಕಾರ ಸಂಘವು ರೂಪುಗೊಂಡು, ಉಕಿಯೋ-ಎ ಮಾರ್ಗದ ಪ್ರಕಾಶಕನ ಸ್ಥಾನವನ್ನು ವಹಿಸಿತು. ಆದರೆ ಈ ಪ್ರಕಾಶಕನು ಒಬ್ಬ ಸಾಹುಕಾರನಲ್ಲ; ಬರೆದವರೂ ಕೊರೆದವರೂ ಸದಸ್ಯರಾಗಿದ್ದ ಸಂಘ. ಜಪಾನೀ ಮಾದರಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಕಾರ್ಯಶಾಲೆಯ ವಿಧಾನವನ್ನು ಸಂಕ್ಷೇಪವಾಗಿ ಹೇಳಬಹುದು. ಮರವಿಲ್ಲದ ನಾಡಾದ್ದರಿಂದ ಮರದ ಹಲಗೆಯ ಸ್ಥಾನದಲ್ಲಿ ಸಮತಟ್ಟಾಗಿ ಉಜ್ಜಿದ ಬಳಪದ ಕಲ್ಲಿನ ಚಪ್ಪಡಿ ಬಂದಿತು. ರೇಖಾಚಿತ್ರವನ್ನು ಅದರ ಮೇಲೆ ಇಳಿಸಿ, ಅಚ್ಚಾಗಬೇಕಾದ ಭಾಗವನ್ನು ಉಳಿಸಿ, ಮಿಕ್ಕುದನ್ನು ತಗ್ಗಿಸುತ್ತಾರೆ. ಉಬ್ಬಿನ ಮೇಲೆ ಮಸಿಯ ಉರುಳೆಯನ್ನು ಹಾಯಿಸಿ, ಜಪಾನಿನ ಕೈಕಾಗದವನ್ನು ಹಾಸಿ, ಹಿಂಬದಿಯನ್ನು ಕೈಯಿಂದಲೇ ಉಜ್ಜಿ ಅಚ್ಚನ್ನು ಇಳಿಸುತ್ತಾರೆ, ಯಂತ್ರವಿಲ್ಲ. ನಮ್ಮಲ್ಲಿ ಕಲ್ಲಚ್ಚು ಎಂದು ಹೆಸರಾಗಿರುವ ಲಿಥೋ ಮುದ್ರಣದೊಡನೆ ಇದನ್ನು ಬೆರೆಸಬಾರದು. ಅದರಲ್ಲಿ ಕಲ್ಲಿನ ಮುಖ ಸಮತಲವಾಗಿದ್ದು ಜಿಡ್ಡು ಮತ್ತು ನೀರಿನ ವಿರೋಧದಿಂದ ಚಿತ್ರ ಮೂಡುತ್ತದೆ, ಇದು ಉಬ್ಬಚ್ಚು. ಲಿಥೋ ವಿಧಾನ ಈ ದ್ವೀಪಕ್ಕೆ ಬಂದುದು ೧೯೭೦ರ ದಶಕದಲ್ಲಿ. ಕಲ್ಲಿನ ಜೊತೆಗೆ ಕೊರೆಹಾಳೆಯ ವಿಧಾನವೂ ಆರಂಭದಿಂದಲೇ ಇತ್ತು. ಮೊದಲು ಈ ಹಾಳೆಯನ್ನು ಸೀಲ್ ಚರ್ಮದಲ್ಲಿಯೇ ಕತ್ತರಿಸುತ್ತಿದ್ದರು. ಸಾಮಾನ್ಯವಾಗಿ ಐವತ್ತು ಪ್ರತಿಗಳನ್ನು ತೆಗೆದ ಮೇಲೆ ಕಲ್ಲಿನ ಮೇಲಿನ ಚಿತ್ರವನ್ನು ಅಳಿಸಿಬಿಡುವುದು ರೂಢಿ. ಕನಾಂಗಿನಾಕ್ ಪೂಟೂಗೂಕ್, ಐಯೋಲಾ ಕಿಂಗ್‌ವಾಟ್ಸಿಯಾಕ್, ಲುಕ್ಟಾ ಕಿಯಾಟ್ಸುಕ್, ಎಗಿವುಡ್ಲುಕ್ ಪೂಟೂಗೂಕ್ ಎಂಬ ನಾಲ್ವರು ಈ ಶಾಲೆಯ ಮೊದಲ ತಲೆಮಾರಿನ ಕುಶಲಿಗಳು.

ಈಗ ಕಾರ್ಯಶಾಲೆಯನ್ನು ಬಿಟ್ಟು ಮನೆಯ ಕಡೆಗೆ ತಿರುಗೋಣ. ಕೆನೋಜುಆಕ್ ಆಶೆವಾಕ್ ೧೯೨೭ರಲ್ಲಿ ಒಂದು ಬೀಡಿನಲ್ಲಿ ಜನಿಸಿದಳು. ೧೯೫೨ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ, ಚಿಕಿತ್ಸೆಗಾಗಿ ದೂರದ ಕ್ವಿಬೆಕ್ ನಗರಕ್ಕೆ ಹೋಗಿ, ಸುಮಾರು ಮೂರು ವರ್ಷಗಳನ್ನು ಆಸ್ಪತ್ರೆಯಲ್ಲಿ ಕಳೆದು ಮರಳಿದಳು. ಆಕೆ ಹೊಲಿದ ಸೀಲ್ ಚರ್ಮದ ಒಂದು ಚೀಲದ ಮೇಲಿದ್ದ ಆಕೃತಿಯೇ ೧೯೫೯ರ ಪ್ರಥಮ ಸಂಗ್ರಹದಲ್ಲಿ ‘ಕಡಲಪಾಚಿಯನ್ನು ತಿನ್ನುತ್ತಿರುವ ಮೊಲ’ ಎಂಬ ಅಚ್ಚುಚಿತ್ರವಾಯಿತು. ಹೊಲಿಗೆಯಿಂದ ಅಚ್ಚಿಗೆ ಸಾಗಿದ ದಾರಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ೧೯೬೦ರಲ್ಲಿ ಬಂದ ಆಕೆಯ ‘ಮಾಂತ್ರಿಕ ಗೂಬೆ’ ಇನ್ಯುಯಿಟ್ ಕಲೆಯಲ್ಲೆಲ್ಲ ಅತ್ಯಂತ ಪ್ರಸಿದ್ಧವಾದ ಚಿತ್ರ. ತಲೆಯಿಂದಲೂ ಬಾಲದಿಂದಲೂ ಕಿರಣಗಳಂತೆ ಗರಿಗಳು ಹೊಮ್ಮುತ್ತಿರುವ ಆ ಗೂಬೆಯ ಐವತ್ತು ಪ್ರತಿಗಳಲ್ಲಿ ಇಪ್ಪತ್ತೈದು ಕಪ್ಪು ಮತ್ತು ಕೆಂಪು ಬಣ್ಣದವು, ಇಪ್ಪತ್ತೈದು ಕಪ್ಪು ಮತ್ತು ಹಸಿರು ಬಣ್ಣದವು. ೧೯೭೦ರಲ್ಲಿ ಕೆನಡಾದ ಅಂಚೆಚೀಟಿಯ ಮೇಲೆ ಅದು ಕಾಣಿಸಿಕೊಂಡಿತು. ಆಕೆಯು ಮಕ್ಕಳ ಶಾಲೆಗಾಗಿ ಬೀಡನ್ನು ತೊರೆದು ಊರಿಗೆ ಬಂದು ನೆಲೆಸಿದುದು ೧೯೬೬ರಲ್ಲಿ. ಎಂದರೆ ಗೂಬೆಯ ಚಿತ್ರ ಬೀಡಿನ ಬಾಳಿನಲ್ಲಿಯೇ ಹುಟ್ಟಿತು.

ಪಿಟ್ಸೆಯೊಲಾಕ್ ಆಶೂನಾಳ ಜೀವನವು ಇನ್ನೊಂದು ಬಗೆಯಲ್ಲಿ ಉಪಯುಕ್ತ ಸಾಕ್ಷ್ಯ. ಪತಿಯನ್ನು ಕಳೆದುಕೊಂಡು ಮಕ್ಕಳನ್ನು ಸಲಹಬೇಕಾಗಿದ್ದ ಈಕೆ ಮೊದಲು ಮಾರಾಟಕ್ಕಾಗಿ ಉಡುಪುಗಳನ್ನು ಹೊಲಿದು, ಅನಂತರ ರೇಖಾಚಿತ್ರಕ್ಕೆ ತೊಡಗಿದಳು. ೧೯೮೩ರಲ್ಲಿ ತೀರಿಕೊಳ್ಳುವ ವೇಳೆಗೆ ಹಲವು ಸಾವಿರ ಚಿತ್ರಗಳನ್ನು ಬರೆದಿದ್ದಳು. ಗುಡಾರದ ಒಳಗು, ಸ್ಥಳಾಂತರದ ಪಯಣ, ಮಕ್ಕಳ ಆಟ, ಇವೆಲ್ಲವನ್ನೂ ಆಕೆ ನೆನಪಿನಿಂದ ಬರೆದಳು. ಸಹಕಾರ ಸಂಘವು ಈ ಚಿತ್ರಗಳನ್ನು ತಂದೊಡನೆ ಹಣ ಕೊಟ್ಟು ಕೊಳ್ಳುತ್ತಿತ್ತು. ಆದರೆ ಅವುಗಳಲ್ಲಿ ಕೆಲವು ನೂರು ಮಾತ್ರ ಅಚ್ಚಿಗೆ ಏರಿದವು. ಇದು ಆಕೆಯೊಬ್ಬಳ ವಿಷಯವಲ್ಲ. ಸಂಘವು ಕೊಂಡಿಟ್ಟ ಸುಮಾರು ಒಂದು ಲಕ್ಷ ರೇಖಾಚಿತ್ರಗಳು ದಕ್ಷಿಣದ ಒಂಟಾರಿಯೋ ಪ್ರಾಂತದ ಮ್ಯಾಕ್‌ಮೈಕೆಲ್ ಸಂಗ್ರಹಾಲಯದಲ್ಲಿ ರಕ್ಷಿತವಾಗಿವೆ.

ಯಾವ ರೇಖೆ ಕಲ್ಲಿಗೆ ಏರಬೇಕು, ಯಾವುದು ಪೆಟ್ಟಿಗೆಯಲ್ಲಿ ಉಳಿಯಬೇಕು ಎಂಬುದನ್ನು ನಿರ್ಧರಿಸುತ್ತಿದ್ದವರು ಯಾರು? ಒಂದು ಕಡೆ ಕಾರ್ಯಶಾಲೆಯ ಸಲಹೆಗಾರರು. ಹ್ಯೂಸ್ಟನ್ ೧೯೬೨ರಲ್ಲಿ ದ್ವೀಪವನ್ನು ಬಿಟ್ಟ ಮೇಲೆ, ೧೯೬೦ರಲ್ಲಿ ಬಂದಿದ್ದ ಟೆರಿ ರಯಾನ್ ಈ ಹೊಣೆಯನ್ನು ಹಲವು ದಶಕಗಳ ಕಾಲ ನಿರ್ವಹಿಸಿದನು. ಇನ್ನೊಂದು ಕಡೆ, ೧೯೬೧ರಲ್ಲಿ ದಕ್ಷಿಣದ ಕಲಾತಜ್ಞರನ್ನು ಕೂಡಿಸಿ ರಚಿಸಿದ ಒಂದು ಸಮಿತಿಯು ವರ್ಷವರ್ಷದ ಸಂಗ್ರಹವನ್ನು ಪರೀಕ್ಷಿಸಿ, ತನಗೆ ಒಪ್ಪಿಗೆಯಾಗದ ಅಚ್ಚುಚಿತ್ರಗಳನ್ನು ತಿರಸ್ಕರಿಸುತ್ತಿತ್ತು. ಈ ವ್ಯವಸ್ಥೆ ೧೯೮೦ರ ದಶಕದ ಕೊನೆಯವರೆಗೂ ನಡೆಯಿತು. ಕಳಪೆ ಚಿತ್ರಗಳು ಮಾರುಕಟ್ಟೆಗೆ ಬಂದರೆ ಎಲ್ಲರ ಜೀವನಕ್ಕೂ ಕೇಡು ಎಂಬುದು ಅದರ ಸಮರ್ಥನೆ. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಇನ್ಯುಯಿಟ್ ಕಲೆ ಹೇಗಿರಬೇಕೆಂಬುದನ್ನು ಇನ್ಯುಯಿಟರಲ್ಲದವರು ನಿರ್ಣಯಿಸಿದರೆಂಬುದೂ ಅಷ್ಟೇ ನಿಜ. ಹಿಂದಿನ ಬೇಟೆಯ ಬಾಳು, ಪಕ್ಷಿ, ಪ್ರಾಣಿ, ದೈವ, ಇವು ದಕ್ಷಿಣದ ಕೊಳ್ಳುವವರಿಗೆ ಪ್ರಿಯವಾಗಿದ್ದವು. ಊರಿನ ಹೊಸ ಬಾಳಿಗೆ ಅಚ್ಚುಚಿತ್ರಗಳಲ್ಲಿ ಬಹುಕಾಲ ಅಷ್ಟು ಎಡೆ ದೊರೆಯಲಿಲ್ಲ.

ಈ ಹಿನ್ನೆಲೆಯಲ್ಲಿ ಅಚ್ಚುಚಿತ್ರದ ಅಂಚನ್ನು ಒಂದು ಶಾಸನದಂತೆ ಓದಬೇಕೆಂಬುದು ನಮ್ಮ ಸೂಚನೆ. ಮೊದಲ ವರ್ಷಗಳ ಪ್ರತಿಗಳಲ್ಲಿ ಚಿತ್ರದ ಪಕ್ಕದಲ್ಲಿ ಜಪಾನೀ ಪದ್ಧತಿಯಂತೆ ಸಣ್ಣ ಮೊಹರುಗಳು ಒಂದರ ಕೆಳಗೊಂದು ಇರುತ್ತವೆ: ರೇಖೆ ಬರೆದವರದು, ಅಚ್ಚಿಳಿಸಿದವರದು, ಮತ್ತು ಕೆಂಪು ಬಣ್ಣದ ಹಿಮದ ಮನೆಯ ಆಕಾರದಲ್ಲಿ ಸಹಕಾರ ಸಂಘದ್ದು. ಇವುಗಳಲ್ಲದೆ ಕೆಳಗೆ ಪೆನ್ಸಿಲಿನಲ್ಲಿ ಶೀರ್ಷಿಕೆ, ವಿಧಾನ, ಪ್ರತಿಯ ಸಂಖ್ಯೆ, ಸ್ಥಳ, ವರ್ಷ ಮತ್ತು ಬರೆದವರ ಹೆಸರು ಇಂಗ್ಲಿಷಿನಲ್ಲಿರುತ್ತವೆ. ಮೊಹರುಗಳು ಹಲವು ಕೈಗಳನ್ನು ಒಪ್ಪಿಕೊಳ್ಳುತ್ತವೆ. ಪೆನ್ಸಿಲಿನ ಸಾಲು ಒಂದೇ ಹೆಸರನ್ನು ಎತ್ತಿ ಹಿಡಿಯುತ್ತದೆ. ಕೊಳ್ಳುವವರು ಓದಿದುದು ಈ ಸಾಲನ್ನೇ.

ಮೊಹರುಗಳಲ್ಲಿರುವ ಲಿಪಿಯು ನಮಗೆ ವಿಶೇಷ ಆಸಕ್ತಿಯ ವಿಷಯ. ಜೇಮ್ಸ್ ಇವಾನ್ಸ್ ಎಂಬ ಪಾದ್ರಿಯು ೧೮೪೦ರಲ್ಲಿ ಕೆನಡಾದ ಕ್ರೀ ಭಾಷೆಗಾಗಿ ಈ ಲಿಪಿಯನ್ನು ರೂಪಿಸಿದನು; ಅನಂತರ ಪಾದ್ರಿಗಳ ಮೂಲಕ ಅದು ಇನ್ಯುಯಿಟರ ಭಾಷೆಗೆ ಹೊಂದಿಕೊಂಡಿತು. ೧೮೯೪ರಲ್ಲಿ ಬ್ಯಾಫಿನ್ ಪ್ರದೇಶಕ್ಕೆ ಬಂದ ಎಡ್ಮಂಡ್ ಪೆಕ್ ಅದನ್ನು ಅಲ್ಲಿ ಹರಡಿದನು. ವರ್ಣಮಾಲೆಯ ಬಿಡಿ ಅಕ್ಷರಗಳಿಗೆ ಬದಲಾಗಿ ಇಲ್ಲಿ ವ್ಯಂಜನ ಮತ್ತು ಸ್ವರ ಕೂಡಿದ ಗುಣಿತಾಕ್ಷರವೇ ಘಟಕ. ನಮ್ಮ ಕಾಗುಣಿತದಲ್ಲಿ ವ್ಯಂಜನಕ್ಕೆ ಸ್ವರಚಿಹ್ನೆಯನ್ನು ಸೇರಿಸುತ್ತೇವೆ. ಅವರ ಲಿಪಿಯಲ್ಲಿ ವ್ಯಂಜನದ ಆಕೃತಿಯನ್ನೇ ಬೇರೆ ದಿಕ್ಕಿಗೆ ತಿರುಗಿಸಿದರೆ ಸ್ವರ ಬದಲಾಗುತ್ತದೆ. ಇವಾನ್ಸನು ದೇವನಾಗರಿಯಿಂದಲೂ ಆಂಗ್ಲ ಶೀಘ್ರಲಿಪಿಯಿಂದಲೂ ಪ್ರೇರಣೆ ಪಡೆದನೆಂಬುದು ಲಿಪಿತಜ್ಞರಲ್ಲಿ ಅನೇಕರ ಅಭಿಪ್ರಾಯ. ಹಾಗಿದ್ದರೆ ಹಿಮಪ್ರದೇಶದ ಒಂದು ಮೊಹರಿನಲ್ಲಿ ಭಾರತೀಯ ಅಕ್ಷರಪದ್ಧತಿಯ ಒಂದು ದೂರದ ನೆರಳನ್ನು ನಾವು ಕಾಣುತ್ತಿದ್ದೇವೆಂದಾಯಿತು.

ಇದೇ ಜನರಿಗೆ ಸರ್ಕಾರವು ೧೯೪೧ರಿಂದ ಹೆಸರಿನ ಸ್ಥಾನದಲ್ಲಿ ಸಂಖ್ಯೆಯನ್ನು ಕೊಟ್ಟಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಪ್ರತಿಯೊಬ್ಬರೂ ಸಂಖ್ಯೆಯನ್ನು ಒತ್ತಿದ ಸಣ್ಣ ಬಿಲ್ಲೆಯೊಂದನ್ನು ಇಟ್ಟುಕೊಳ್ಳಬೇಕಾಗಿತ್ತು. ಕೆನೋಜುಆಕಳ ಸಂಖ್ಯೆ ಇ೭-೧೦೩೫. ಮನೆತನದ ಹೆಸರುಗಳನ್ನು ದಾಖಲಿಸಿ ಈ ಪದ್ಧತಿಯನ್ನು ಕೊನೆಗಾಣಿಸುವ ಕಾರ್ಯ ನಡೆದುದು ೧೯೭೦ರ ಆಸುಪಾಸಿನಲ್ಲಿ, ಏಬ್ ಒಕ್‌ಪಿಕ್ ಎಂಬ ಇನ್ಯುಯಿಟ್ ನಾಯಕನ ಮೂಲಕ. ಎಂದರೆ ಆಡಳಿತದ ದಫ್ತರದಲ್ಲಿ ಒಂದು ಸಂಖ್ಯೆಯಾಗಿದ್ದಾಗಲೇ ಅಚ್ಚುಚಿತ್ರದ ಅಂಚಿನಲ್ಲಿ ಆಕೆ ಸ್ವಂತ ಲಿಪಿಯಲ್ಲಿ ಸ್ವಂತ ಹೆಸರಿನವಳಾಗಿದ್ದಳು. ಮೊಹರಿನ ಬೆಲೆ ಏನೆಂಬುದನ್ನು ಇದರಿಂದ ಅಳೆಯಬಹುದು.

ಕರ್ತೃತ್ವವನ್ನು ಹಲವರಿಗೆ ಹಂಚಿದರೆ ರೇಖೆ ಬರೆದವಳ ಹಿರಿಮೆ ಕುಗ್ಗುವುದಿಲ್ಲವೇ ಎಂದು ಆಕ್ಷೇಪಿಸಬಹುದು. ನಮಗೆ ಹಾಗೆ ತೋರುವುದಿಲ್ಲ. ಕುಗ್ಗಿಸಿದುದು ಬೇರೆ ಕಾರಣಗಳು. ‘ಮಾಂತ್ರಿಕ ಗೂಬೆ’ಯ ಒಂದು ಪ್ರತಿ ೨೦೧೮ರಲ್ಲಿ ಹರಾಜಿನಲ್ಲಿ ೨,೧೬,೦೦೦ ಕೆನಡಾ ಡಾಲರಿಗೆ ಮಾರಾಟವಾಯಿತು. ಆ ವೇಳೆಗೆ ಕೆನೋಜುಆಕ್ ತೀರಿಕೊಂಡು ಐದು ವರ್ಷಗಳಾಗಿದ್ದವು. ಕೈಯಿಂದ ಕೈಗೆ ದಾಟಿದ ಪ್ರತಿಯ ಹಣ ಅದನ್ನು ಮಾರಿದವರಿಗೆ ಸೇರುತ್ತದೆಯೇ ಹೊರತು ದ್ವೀಪಕ್ಕಲ್ಲ. ಬರೆದವಳಿಗೂ ಕೊರೆದವನಿಗೂ ಈ ವಿಷಯದಲ್ಲಿ ಭೇದವಿಲ್ಲ. ಹೆಸರು ಮಾತ್ರ ಒಬ್ಬರಿಗೆ ಉಳಿಯಿತು, ಇನ್ನೊಬ್ಬರದು ಮರೆಯಾಯಿತು. ಕೊರೆಯುವವರಾಗಿ ಬಂದ ಕನಾಂಗಿನಾಕನು ಮುಂದೆ ರೇಖಾಚಿತ್ರಕಾರನಾಗಿಯೂ ಖ್ಯಾತನಾದನೆಂಬುದು ಈ ಎರಡು ಕೆಲಸಗಳ ನಡುವೆ ಮೇಲುಕೀಳಿನ ಗೋಡೆ ಇರಲಿಲ್ಲವೆಂಬುದಕ್ಕೆ ನಿದರ್ಶನ.

ಮನೆಯೆಂಬುದು ರೇಖೆಯ ಜನ್ಮಸ್ಥಾನವಾಗಿದ್ದರೂ ರೇಖೆಯ ವಿಷಯವಾಗಿ ತನ್ನ ನಿಜವಾದ ರೂಪದಲ್ಲಿ ಕಾಣಿಸಿಕೊಂಡುದು ತಡವಾಗಿ. ಪಿಟ್ಸೆಯೊಲಾಕಳ ಮೊಮ್ಮಗಳಾದ ಆನಿ ಪೂಟೂಗೂಕ್ (೧೯೬೯–೨೦೧೬) ಬಣ್ಣದ ಪೆನ್ಸಿಲಿನಲ್ಲಿ ತನ್ನ ಕಾಲದ ಮನೆಯನ್ನೇ ಬರೆದಳು. ಗೋಡೆಯ ಗಡಿಯಾರ, ದೂರದರ್ಶನ, ನೆಲದ ಮೇಲೆ ಹಲಗೆ ಹಾಸಿ ಸೀಲ್ ಮಾಂಸವನ್ನು ಹಂಚಿಕೊಳ್ಳುವ ಕುಟುಂಬ, ಅಂಗಡಿಯ ಡಬ್ಬಿಗಳು, ಮದ್ಯ, ಹೊಡೆತ, ಇವೊಂದನ್ನೂ ಮರೆಮಾಚಲಿಲ್ಲ. ಆಕೆಗೆ ೨೦೦೬ರಲ್ಲಿ ಕೆನಡಾದ ಸೋಬಿ ಪುರಸ್ಕಾರ ದೊರೆಯಿತು. ಅಜ್ಜಿಯ ಗುಡಾರವನ್ನೂ ಮೊಮ್ಮಗಳ ಅಡಿಗೆಮನೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಜನಾಂಗದ ಅರ್ಧಶತಮಾನದ ಚರಿತ್ರೆ ನಮ್ಮ ಮುಂದೆ ನಿಲ್ಲುತ್ತದೆ. ಯಾವ ಆಡಳಿತ ವರದಿಯೂ ಅದನ್ನು ಇಷ್ಟು ನೇರವಾಗಿ ಹೇಳಲಾರದು.

ಈ ವಿವೇಚನೆಯಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆ. ಮೊದಲನೆಯದಾಗಿ, ಡಾರ್ಸೆಟ್ ದ್ವೀಪದ ಅಚ್ಚುಚಿತ್ರಗಳನ್ನು ಸೂಚೀಪತ್ರದಲ್ಲಿ ದಾಖಲಿಸುವಾಗ ರೇಖೆ ಬರೆದವರು, ಕಲ್ಲು ಕೊರೆದವರು, ಅಚ್ಚಿಳಿಸಿದವರು, ಪ್ರಕಟಿಸಿದ ಸಂಘ, ಇವರೆಲ್ಲರ ಹೆಸರನ್ನೂ ಸಮಾನವಾಗಿ ಬರೆಯುವುದು ಚರಿತ್ರಕಾರನ ಕರ್ತವ್ಯ. ಅದಕ್ಕೆ ಬೇಕಾದ ಸಾಕ್ಷ್ಯ ಮೊದಲ ಪ್ರತಿಗಳ ಅಂಚಿನಲ್ಲಿಯೇ ಇದೆ. ಎರಡನೆಯದಾಗಿ, ಅಚ್ಚಿಗೆ ಏರಿದ ಚಿತ್ರಗಳಿಂದ ಮಾತ್ರ ಈ ಜನರ ಕಲ್ಪನೆಯನ್ನು ಅಳೆಯುವುದು ಸರಿಯಲ್ಲ. ಆಯ್ಕೆಯಾಗದೆ ಉಳಿದ ರೇಖಾಚಿತ್ರಗಳೇ ಮನೆಯ ನಿಜವಾದ ದಾಖಲೆ. ಅವುಗಳ ಅಧ್ಯಯನ ನಡೆಯಬೇಕಾದುದು ದಕ್ಷಿಣದ ಸಂಗ್ರಹಾಲಯದಲ್ಲಷ್ಟೇ ಅಲ್ಲ. ೨೦೧೮ರಲ್ಲಿ ಕಿಂಗೈಟಿನಲ್ಲಿ ಕೆನೋಜುಆಕಳ ಹೆಸರಿನಿಂದ ಒಂದು ಸಾಂಸ್ಕೃತಿಕ ಕೇಂದ್ರವೂ ಹೊಸ ಅಚ್ಚುಶಾಲೆಯೂ ತೆರೆದಿವೆ. ಆ ರೇಖೆಗಳಲ್ಲಿರುವ ಬೀಡು ಯಾವುದು, ನಾಯಿಬಂಡಿಯ ಹಿಂದೆ ನಡೆಯುತ್ತಿರುವವರು ಯಾರು ಎಂಬುದನ್ನು ಗುರುತಿಸಬಲ್ಲ ಹಿರಿಯರು ಇರುವುದು ಆ ಊರಿನಲ್ಲಿಯೇ.